ಮಾಗಿಯಲ್ಲಿ ಮನೆ ಕೊಳ್ಳುವವರಿಗೆ: ಕಾಸರಗೋಡಿನಲ್ಲಿ ಏನೇನು ನೋಡಬೇಕು

ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆ ಹಿಂದೆ ಸರಿದ ಮೇಲೆ ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಮಾರಾಟಕ್ಕಿರುವ ಮನೆಗಳೆಲ್ಲ ಚಂದ ಕಾಣುತ್ತವೆ. ಗೋಡೆ ಒಣಗಿರುತ್ತದೆ, ಹೊಸ ಬಣ್ಣ ಬಳಿದಿರುತ್ತದೆ, ಅಂಗಳ ಕೆತ್ತಿ ಹಸನು ಮಾಡಿರುತ್ತದೆ, ಬಾವಿಗೆ ಬಗ್ಗಿದರೆ ನೀರು ಕಣ್ಣಿಗೆ ತುಂಬುವಷ್ಟು ಇರುತ್ತದೆ. ಇದೇ ಮನೆ ಜೋರು ಮಳೆಯ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹೇಗಿತ್ತು, ಮೇ ತಿಂಗಳಿಗೆ ಹೇಗಿದ್ದೀತು ಎಂಬುದು ಡಿಸೆಂಬರಿನ ಬಿಸಿಲಿಗೆ ಕಾಣುವುದಿಲ್ಲ. ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು, ಸಮುದ್ರ ಸೇರಿ, ಏಪ್ರಿಲ್ ಹೊತ್ತಿಗೆ ಟ್ಯಾಂಕರ್ ಲಾರಿ ಓಡಾಡತೊಡಗುತ್ತದೆ. ಹಾಗಾಗಿ ಇಲ್ಲಿ ಚಳಿಗಾಲದಲ್ಲಿ ಮನೆ ನೋಡುವುದೆಂದರೆ ಹೋದ ಮಳೆ ಬಿಟ್ಟುಹೋದ ಗುರುತನ್ನೂ ಬರುವ ಬೇಸಗೆಯ ಸುಳಿವನ್ನೂ ಹುಡುಕುವುದು. ಎರಡೂ ಮನೆಯಲ್ಲೇ ಇರುತ್ತವೆ, ಎಲ್ಲಿ ನೋಡಬೇಕೆಂದು ತಿಳಿದಿದ್ದರೆ ಸಾಕು.

ತಿಂಗಳ ಲೆಕ್ಕ

ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಹಿಡಿದರೆ ಮಕರ ಸಂಕ್ರಮಣದವರೆಗೆ ಮನೆ ಒಕ್ಕಲು ಮಾಡುವವರಿಲ್ಲ, ಮುಂಗಡ ಕೊಡುವುದಕ್ಕೂ ಹಲವರು ಹಿಂಜರಿಯುತ್ತಾರೆ. ಕೊಳ್ಳುವವರಿಗೆ ಈ ನಾಲ್ಕು ವಾರ ಬಹಳ ಉಪಯೋಗದ್ದು. ಬೇರೆ ಗಿರಾಕಿಗಳು ಕಡಿಮೆ, ಮಾರುವವರು ಮಾತಿಗೆ ಸಿಗುತ್ತಾರೆ, ಮನೆಯನ್ನು ಎರಡು ಮೂರು ಸಲ ಬಂದು ನೋಡುತ್ತೇವೆಂದರೆ ಬೇಡ ಅನ್ನುವುದಿಲ್ಲ. ನವೆಂಬರಿನಲ್ಲಿ ಮನೆ ಹುಡುಕಿ, ಡಿಸೆಂಬರಿನಲ್ಲಿ ಪರೀಕ್ಷೆ ಮಾಡಿ, ಜನವರಿ ಮಧ್ಯದೊಳಗೆ ಕಾಗದಪತ್ರ ನೋಡಿ ಮುಗಿಸಿ, ಸಂಕ್ರಮಣ ಕಳೆದ ಕೂಡಲೇ ಕರಾರು ಮಾಡಿಕೊಂಡರೆ ಫೆಬ್ರವರಿ ಕೊನೆಗೆ ರಿಜಿಸ್ಟ್ರಿ ಮುಗಿಸಬಹುದು. ಮಾರ್ಚ್‌ಗೆ ಎಳೆಯಬೇಡಿ. ಬಜೆಟಿನಲ್ಲಿ ಭೂಮಿಯ ನ್ಯಾಯಬೆಲೆ (ಸರಕಾರ ಗೊತ್ತುಮಾಡಿದ ಬೆಲೆ) ಏರಿಸಿದರೆ ಅದು ಸಾಮಾನ್ಯವಾಗಿ ಏಪ್ರಿಲ್ 1ರಿಂದ ಜಾರಿಗೆ ಬರುವುದರಿಂದ ಮಾರ್ಚ್ ಕೊನೆಗೆ ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅವಸರದಲ್ಲಿ ಬರೆಸಿದ ದಸ್ತಾವೇಜಿನಲ್ಲಿ ಸರ್ವೆ ನಂಬ್ರ ತಪ್ಪಿದರೆ ಮತ್ತೆ ತಿದ್ದುಪಡಿ ಪತ್ರಕ್ಕೆ ಅಲೆಯಬೇಕು.

ಚಳಿಗಾಲಕ್ಕೆ ಇನ್ನೊಂದು ಗುಣವಿದೆ. ಮೇಸ್ತ್ರಿಗಳು, ಬಡಗಿಗಳು, ಹಂಚು ಸರಿ ಮಾಡುವವರು ಸಿಗುವ ಕಾಲ ಇದು. ಮನೆಯಲ್ಲಿ ಕುಂದು ಕಂಡರೆ ರಿಪೇರಿಗೆ ಎಷ್ಟಾದೀತೆಂದು ಅವರನ್ನೇ ಕರೆತಂದು ಕೇಳಿ, ಆ ಮೊತ್ತವನ್ನು ಹಿಡಿದುಕೊಂಡು ಕ್ರಯದ ಮಾತಿಗೆ ಕೂರಬಹುದು.

ಮಳೆಯ ಗುರುತು

ಮನೆಯನ್ನು ಒಂದೇ ಸಲ, ಅದೂ ಮಧ್ಯಾಹ್ನ ನೋಡಿ ಬರಬಾರದು. ಮೊದಲ ಸಲ ಬೆಳಿಗ್ಗೆ ಆರೂವರೆ, ಏಳಕ್ಕೆ ಹೋಗಿ. ಮಂಜು ಇನ್ನೂ ಆರಿರುವುದಿಲ್ಲ, ರಾತ್ರಿಯಿಡೀ ಬಾಗಿಲು ಕಿಟಕಿ ಮುಚ್ಚಿದ ಕೋಣೆಗಳಲ್ಲಿ ತೇವದ ವಾಸನೆ ಆ ಹೊತ್ತಿಗೆ ಮಾತ್ರ ಮೂಗಿಗೆ ಹೊಡೆಯುತ್ತದೆ. ಗೋಡೆಯೊಳಗಿನ ಕಪಾಟು, ಅಡಿಗೆಮನೆ ಸಿಂಕಿನ ಕೆಳಭಾಗ, ಮೆಟ್ಟಿಲಿನ ಅಡಿ, ಇವುಗಳ ಬಾಗಿಲು ತೆಗೆದು ಮೂಸಿ ನೋಡಿ. ಅಗರಬತ್ತಿ ಹಚ್ಚಿಟ್ಟಿದ್ದರೆ ಮಧ್ಯಾಹ್ನ ಮತ್ತೊಮ್ಮೆ ಬನ್ನಿ.

ನಮ್ಮಲ್ಲಿ ಮಳೆ ಬಡಿಯುವುದು ಪಡುವಣದಿಂದ, ತೆಂಕು ಪಡುವಣದಿಂದ. ಆದ್ದರಿಂದ ಮನೆಯ ಪಡು ಗೋಡೆಯನ್ನು ಮೊದಲು ನೋಡಬೇಕು. ಉಳಿದ ಮೂರು ಗೋಡೆಗಳ ಬಣ್ಣ ಹಳತಾಗಿದ್ದು ಅದೊಂದಕ್ಕೆ ಮಾತ್ರ ಹೊಸ ಬಣ್ಣವಿದ್ದರೆ ಅದರ ಒಳಮೈಯನ್ನು ಅಂಗೈಯಿಂದ ಸವರಿ. ಗಾರೆ ಪುಡಿಪುಡಿಯಾಗಿ ಕೈಗೆ ಅಂಟಿದರೆ, ಬಣ್ಣದ ಅಡಿಯಲ್ಲಿ ಗುಳ್ಳೆ ಎದ್ದಿದ್ದರೆ, ಬಿಳಿ ಉಪ್ಪಿನ ಹೂವು ಮೂಡಿದ್ದರೆ ನೀರು ಒಳಗೆ ಬರುತ್ತಿದೆ. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಮಾತ್ರ ಹೀಗಿದ್ದರೆ ಅದು ಮಳೆ ಬಡಿದದ್ದಲ್ಲ, ಪಂಚಾಂಗದಿಂದ (ಅಡಿಪಾಯದಿಂದ) ಮೇಲೇರುವ ತೇವ. ಇವೆರಡಕ್ಕೂ ಮದ್ದು ಬೇರೆ ಬೇರೆ. ಹೊರಗಿನಿಂದ ಬಡಿಯುವ ನೀರನ್ನು ಮನೆಯ ಮಾಡು (ಸೂರು) ಮುಂದಕ್ಕೆ ಚಾಚಿ, ಗಾರೆ ಹೊಸದು ಮಾಡಿ ತಡೆಯಬಹುದು. ಅಡಿಯಿಂದ ಏರುವ ತೇವಕ್ಕೆ ಖರ್ಚು ಹೆಚ್ಚು, ಪೂರ್ತಿ ಗುಣವೂ ಆಗದು.

ಸಂಶಯವಿದ್ದರೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೋ ನೆಲಕ್ಕೋ ಹಿಡಿಸಿ ನಾಲ್ಕೂ ಅಂಚಿಗೆ ಟೇಪು ಒತ್ತಿ ಅಂಟಿಸಿ. ಎರಡು ದಿನ ಬಿಟ್ಟು ತೆಗೆದಾಗ ಹಾಳೆಯ ಒಳಮೈಯಲ್ಲಿ ಬೆವರಿದ್ದರೆ ತೇವ ಗೋಡೆಯದು. ಹೊರಮೈಯಲ್ಲಿ ಮಾತ್ರ ಇದ್ದರೆ ಅದು ಗಾಳಿಯ ಮಂಜು.

ತಾರಸಿ ಮನೆಯಾದರೆ ಮೇಲೆ ಹತ್ತಲೇಬೇಕು. ನೀರು ನಿಂತು ಆರಿದ ಕಡೆ ಕಪ್ಪು ಅಂಚಿನ ಉಂಗುರ ಕಾಣುತ್ತದೆ, ತಗ್ಗು ಇರುವುದು ಅಲ್ಲಿ. ಒಂದು ನಾಣ್ಯದಿಂದ ಗಾರೆಯನ್ನು ತಟ್ಟುತ್ತ ನಡೆಯಿರಿ. ಟೊಳ್ಳು ಸದ್ದು ಬಂದಲ್ಲಿ ಗಾರೆ ಬಿಟ್ಟುಕೊಂಡಿದೆ. ಮನೆಯ ಧಣಿಗಳು ಒಪ್ಪಿದರೆ ಇನ್ನೂ ಗಟ್ಟಿ ಪರೀಕ್ಷೆಯೊಂದಿದೆ. ನೀರು ಹೊರಹೋಗುವ ಕೊಳವೆಗಳ ಬಾಯಿಗೆ ಹಳೆ ಬಟ್ಟೆ ತುರುಕಿ ಎರಡು ಅಂಗುಲ ನೀರು ನಿಲ್ಲಿಸಿ 24 ಗಂಟೆ ಬಿಡುವುದು. ಮರುದಿನವೂ ಅದರ ಮರುದಿನವೂ ಕೆಳಗಿನ ಸೀಲಿಂಗ್ ನೋಡಿ. ಫ್ಯಾನಿನ ಕೊಕ್ಕೆಯ ಸುತ್ತ, ಲೈಟಿನ ಪೈಪು ಹಾದ ಗೆರೆಯಲ್ಲಿ, ಗೋಡೆ ಸ್ಲಾಬು ಕೂಡುವ ಮೂಲೆಯಲ್ಲಿ ಮೊದಲು ಕಲೆ ಮೂಡುತ್ತದೆ. ತಾರಸಿ ಮೇಲೆ ತಗಡಿನ ಮಾಡು ಹಾಕಿದ್ದರೆ ಯಾವಾಗ ಹಾಕಿದ್ದು, ಏಕೆ ಹಾಕಿದ್ದು ಎಂದು ಕೇಳಿ. ಬಟ್ಟೆ, ಅಡಿಕೆ ಒಣಗಿಸಲಿಕ್ಕೆ ಎಂಬ ಉತ್ತರ ನಿಜವೂ ಇರಬಹುದು. ಆದರೆ ಸ್ಲಾಬು ಸೋರಿದ ಮೇಲೆ ಹಾಕಿದ ಮಾಡುಗಳೇ ಬಹಳ. ಕರಾವಳಿಯ ಮನೆಗಳಲ್ಲಿ ಸ್ಲಾಬಿನ ಅಡಿಯಲ್ಲಿ ಸರಳಿನ ಉದ್ದಕ್ಕೆ ಕಂದು ಗೆರೆ, ಉದುರಿದ ಕಾಂಕ್ರೀಟ್ ಕಂಡರೆ ಉಪ್ಪಿನ ಗಾಳಿಗೋ ಉಪ್ಪು ಬೆರೆತ ಹೊಯಿಗೆಗೋ (ಮರಳಿಗೋ) ಕಬ್ಬಿಣ ತುಕ್ಕು ಹಿಡಿದು ಉಬ್ಬಿದೆ ಎಂದರ್ಥ. ಮೇಲೆ ಗಾರೆ ಮೆತ್ತಿ ಬಣ್ಣ ಬಳಿದರೆ ಒಳಗಿನ ತುಕ್ಕು ನಿಲ್ಲುವುದಿಲ್ಲ. ಇಂಥ ಮನೆಯನ್ನು ಇಂಜಿನಿಯರರಿಗೆ ತೋರಿಸದೆ ಮುಂಗಡ ಕೊಡಬೇಡಿ.

ಹಂಚಿನ ಮನೆಯಲ್ಲಿ ನೋಡುವುದು ಸುಲಭ. ಹಗಲು ಹೊತ್ತು ಅಟ್ಟಕ್ಕೆ ಹತ್ತಿ ಕಿಟಕಿ ಮುಚ್ಚಿಸಿ ಮೇಲೆ ನೋಡಿದರೆ ಬೆಳಕಿನ ಚುಕ್ಕಿಗಳು ಕಾಣುತ್ತವೆ. ಒಡೆದ ಹಂಚು ಬದಲಿಸುವುದು ದೊಡ್ಡ ಕೆಲಸವಲ್ಲ. ನೋಡಬೇಕಾದ್ದು ಪಕ್ಕಾಸಿನ (ಹಂಚು ಹೊರುವ ಓರೆ ಮರದ) ಬುಡ, ಅಂದರೆ ಅದು ಗೋಡೆ ಮೇಲೆ ಕೂರುವ ಜಾಗ. ಒಂದು ಆಣಿಯಿಂದ ಒತ್ತಿ ನೋಡಿ, ಅರ್ಧ ಅಂಗುಲ ಸಲೀಸಾಗಿ ಒಳಗೆ ಹೋದರೆ ಮರ ಕುಂಬಾಗಿದೆ, ಅಂದರೆ ಕೊಳೆತಿದೆ. ಎರಡು ಮಾಡು ಕೂಡುವ ಕಡೆ ಹಾಕಿದ ತಗಡನ್ನು ಮರೆಯಬೇಡಿ, ಹಂಚಿನ ಮನೆ ಸೋರುವುದು ಹೆಚ್ಚಾಗಿ ಅಲ್ಲೇ.

ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆಯಲ್ಲಿ ತೂತುಗಳಿದ್ದರೆ ಹೆದರಬೇಕಿಲ್ಲ, ಅದು ಆ ಕಲ್ಲಿನ ಜಾಯಮಾನ. ಕಲ್ಲಿನೊಳಗೆ ಬಿಳಿಚು ಜೇಡಿಯ ಪಟ್ಟೆಗಳಿದ್ದು, ಕೀಲಿಕೈಯಿಂದ ಗೀರಿದರೆ ಪುಡಿ ಸುರಿದರೆ ಕಲ್ಲು ಮೆದು. ಗೋಡೆ ಬುಡದಲ್ಲಿ ಗುಡಿಸಿದಷ್ಟೂ ಕೆಂಪು ಹುಡಿ ಬೀಳುವುದೂ ಅದರ ಲಕ್ಷಣ. ಬಿರುಕುಗಳಲ್ಲಿ ಕೂದಲೆಳೆಯಂಥವು ಗಾರೆಯವು, ಬಿಟ್ಟುಬಿಡಿ. ಕಿಟಕಿ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗುವ, ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುವ, ನಾಣ್ಯದ ಅಂಚು ಹಿಡಿಸುವ ಬಿರುಕಾದರೆ ಪಂಚಾಂಗ ಒಂದು ಕಡೆ ಕುಸಿದಿದೆ.

ಬರೆ ಮತ್ತು ತೋಡು

ಗುಡ್ಡ ಅಗೆದು ಸಮತಟ್ಟು ಮಾಡಿ ಕಟ್ಟಿದ ಮನೆಗಳೇ ನಮ್ಮ ಒಳನಾಡಿನಲ್ಲಿ ಹೆಚ್ಚು. ಹಿಂದುಗಡೆಯ ಬರೆ, ಅಂದರೆ ಗುಡ್ಡ ಅಗೆದಾಗ ಉಳಿದ ಕಡಿದಾದ ಮಣ್ಣಿನ ಗೋಡೆ, ಎಷ್ಟು ಎತ್ತರವೋ ಮನೆಯ ಗೋಡೆ ಅದರಿಂದ ಕನಿಷ್ಠ ಅಷ್ಟು ದೂರವಾದರೂ ಇರಲಿ. 15 ಅಡಿ ಬರೆಯ ಬುಡದಿಂದ 5 ಅಡಿಗೆ ಅಡಿಗೆಮನೆ ಇದ್ದರೆ ಆ ಮನೆ ಎಷ್ಟು ಚಂದವಿದ್ದರೂ ಬೇಡ. ಬರೆಯ ಮೇಲ್ಗಡೆ ಗಟ್ಟಿ ಮುರ, ಕೆಳಗಡೆ ಮೆದು ಜೇಡಿ ಇರುವಲ್ಲಿ ಅಪಾಯ ಜಾಸ್ತಿ. ನೀರು ಕುಡಿದ ಜೇಡಿ ಜಾರಿದರೆ ಮೇಲಿನ ಮುರ ಇಡಿಯಾಗಿ ಬೀಳುತ್ತದೆ. ಡಿಸೆಂಬರಿನ ನಂತರ ಹುಲ್ಲು ಒಣಗಿ ಬರೆಯ ಮೈ ಪೂರ್ತಿ ಕಾಣುವುದರಿಂದ ಇದನ್ನು ನೋಡಲು ಇದೇ ತಕ್ಕ ಕಾಲ. ಬುಡದಲ್ಲಿ ಹೊಸ ಮಣ್ಣಿನ ಗುಪ್ಪೆ, ಒರತೆ ಹರಿದು ಆರಿದ ಕಲೆ, ಬಾಗಿ ನಿಂತ ಮರ, ಮೇಲ್ಗಡೆ ನೆಲದಲ್ಲಿ ಬಿಟ್ಟ ಸೀಳು, ಇವಿಷ್ಟನ್ನು ಹುಡುಕಿ. ಬರೆಯ ನೆತ್ತಿಯಲ್ಲಿ ನೆರೆಯವರು ಇಂಗುಗುಂಡಿ ತೋಡಿದ್ದರೆ ಅದನ್ನು ಮುಚ್ಚಿಸುವ ಮಾತು ಮೊದಲೇ ಆಗಲಿ. ನೀರಿಂಗಿಸುವುದು ಒಳ್ಳೆಯದೇ, ಆದರೆ ಬರೆಯ ತಲೆಯ ಮೇಲೆ ಅಲ್ಲ.

ತೋಡಿನ (ಹಳ್ಳದ) ಬದಿಯ ಮನೆಯಾದರೆ ಪಾಗಾರದ (ಆವರಣ ಗೋಡೆಯ) ಹೊರಮೈಯಲ್ಲಿ ಕೆಸರಿನ ಅಡ್ಡಗೆರೆ ನೋಡಿ, ಬೇಲಿಗೆ ಸಿಕ್ಕಿ ಒಣಗಿದ ಕಸ ಎಷ್ಟು ಎತ್ತರದಲ್ಲಿದೆ ನೋಡಿ. ಧಣಿಗಳನ್ನು ಕೇಳುವ ಬದಲು ಎದುರು ಮನೆಯ ಅಜ್ಜಿಯನ್ನೋ ಹತ್ತಿರದ ಅಂಗಡಿಯವರನ್ನೋ ಕೇಳಿ: "ಆಟಿಯಲ್ಲಿ ಇಲ್ಲಿ ಅಂಗಳಕ್ಕೆ ನೀರು ಬರ್ತದಾ?" ತಲಪಾಡಿಯಿಂದ ತೆಂಕಕ್ಕೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾದ ಮೇಲೆ ಬದಿಯ ಜಾಗಗಳಲ್ಲಿ ನೀರು ಹರಿಯುವ ದಾರಿ ಬದಲಾಗಿದೆ. ಹಿಂದೆ ಎಂದೂ ನೀರು ನಿಲ್ಲದ ಕಡೆ ಈಗ ನಿಲ್ಲಬಹುದು. ಹೆದ್ದಾರಿ ಹತ್ತಿರದ ಮನೆಗೆ ಕಳೆದ ಒಂದೆರಡು ಮಳೆಗಾಲದ ಅನುಭವವನ್ನೇ ಕೇಳಬೇಕು, ಇಪ್ಪತ್ತು ವರ್ಷದ ಹಿಂದಿನದಲ್ಲ. ಸರ್ವಿಸ್ ರಸ್ತೆಯಿಂದ ಗೇಟಿಗೆ ಬರಲು ಎಷ್ಟು ಸುತ್ತಬೇಕೆಂಬುದನ್ನೂ ಗಾಡಿಯಲ್ಲಿ ಹೋಗಿಯೇ ನೋಡಿ.

ನೀರು

ಕಾಸರಗೋಡಿನಲ್ಲಿ ಮನೆಯ ಬೆಲೆ ನಿಜವಾಗಿ ನಿಲ್ಲುವುದು ನೀರಿನ ಮೇಲೆ. ಡಿಸೆಂಬರಿನ ಬಾವಿಯನ್ನು ನೋಡಿ "ನೀರಿಗೆ ತೊಂದರೆಯಿಲ್ಲ" ಎಂದುಕೊಂಡು ಹೋದವರು ಮೇ ತಿಂಗಳಲ್ಲಿ ಕಷ್ಟಪಡುತ್ತಾರೆ.

ಬಾವಿಯ ಒಳಗೋಡೆಗೆ ಟಾರ್ಚು ಹಾಕಿ ಮೇಲಿನಿಂದ ಕೆಳಗೆ ನಿಧಾನ ನೋಡಿ. ಹಸಿರು ಪಾಚಿ ದಪ್ಪವಾಗಿ ನಿಲ್ಲುವ ಗೆರೆ ಮಳೆಗಾಲದ ಮಟ್ಟ. ನೀರಿನ ಮಟ್ಟ ಇನ್ನೂ ಆ ಗೆರೆಯ ಹತ್ತಿರವೇ ಇದ್ದರೆ ಬೇಸಗೆಯ ಬಗ್ಗೆ ಅದು ಏನನ್ನೂ ಹೇಳುತ್ತಿಲ್ಲ. ಪಂಪಿನ ಪೈಪನ್ನು ನೋಡಿ. ಹಳೆ ಪೈಪಿಗೆ ಕೆಳಗಡೆ ಹೊಸ ತುಂಡು ಜೋಡಿಸಿದ್ದರೆ, ಜೋಡಿಸಿದ ತುಂಡುಗಳು ಎರಡೋ ಮೂರೋ ಆಗಿದ್ದರೆ, ವರ್ಷ ವರ್ಷವೂ ನೀರು ಕೆಳಗಿಳಿದಿದೆ. ಬಾವಿಯ ತಳದಲ್ಲಿ ಬೋರು ಕೊರೆದ ಪೈಪು ತಲೆ ಎತ್ತಿದ್ದರೆ ಬಾವಿ ಒಮ್ಮೆ ಬತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮನೆಯ ಹೊರಗೆ, ಲಾರಿ ನಿಲ್ಲುವ ಕಡೆಗೆ ಮುಖಮಾಡಿ, ನೆಲಮಟ್ಟದಲ್ಲಿ ದೊಡ್ಡ ಸಿಂಟೆಕ್ಸ್ ಟ್ಯಾಂಕು ಇಟ್ಟಿದ್ದರೆ ಅದು ಏಕೆ ಎಂದು ಕೇಳಿ.

ಇಷ್ಟಾದ ಮೇಲೆ ಅಳತೆ. ಒಂದು ಹಗ್ಗಕ್ಕೆ ಕಲ್ಲು ಕಟ್ಟಿ ಅಡಿಗೊಂದು ಗಂಟು ಹಾಕಿಕೊಳ್ಳಿ. ಬೆಳಿಗ್ಗೆ, ಯಾರೂ ಪಂಪು ಹಾಕುವ ಮೊದಲು ನೀರಿನ ಮಟ್ಟ ಅಳೆದು ಬರೆದುಕೊಳ್ಳಿ. ಮೂರು ಅಡಿ ಇಳಿಯುವವರೆಗೆ ಪಂಪು ಓಡಿಸಿ ನಿಲ್ಲಿಸಿ. ಒಂದು ಗಂಟೆ ಬಿಟ್ಟು ಎಷ್ಟು ಏರಿದೆ ನೋಡಿ. 8 ಅಡಿ ಅಗಲದ ದುಂಡು ಬಾವಿಯಲ್ಲಿ ಒಂದು ಅಡಿ ನೀರೆಂದರೆ ಸುಮಾರು 1,400 ಲೀಟರ್. ಗಂಟೆಗೆ ಅರ್ಧ ಅಡಿ ಏರಿದರೆ 700 ಲೀಟರ್. ಒಬ್ಬರಿಗೆ ದಿನಕ್ಕೆ 135 ಲೀಟರಿನ ಲೆಕ್ಕ ಹಿಡಿದರೆ ಐದು ಜನರ ಮನೆಗೆ 675 ಲೀಟರ್ ಬೇಕು, ಡಿಸೆಂಬರಿನಲ್ಲಿ ಅದು ಒಂದು ಗಂಟೆಯ ಊಟೆ (ಒಳಗಿನಿಂದ ಊರುವ ನೀರು). ಗಂಟೆಗೆ ಒಂದೆರಡು ಅಂಗುಲ ಮಾತ್ರ ಏರುವ ಬಾವಿಯಾದರೆ ಡಿಸೆಂಬರಿನಲ್ಲೇ ಎಚ್ಚರಿಕೆ ಸಿಕ್ಕಿದಂತೆ. ಮನೆ ಜೊತೆ ಅಡಿಕೆ ತೋಟವೂ ಇದ್ದರೆ ಲೆಕ್ಕ ಬೇರೆ. ಹನಿ ನೀರಾವರಿಯಲ್ಲೂ ಒಂದು ಅಡಿಕೆ ಮರಕ್ಕೆ ಬೇಸಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬೇಕು, 200 ಮರಕ್ಕೆ 3,200ರಿಂದ 4,000 ಲೀಟರ್. ಕುಡಿಯುವ ಬಾವಿಯೇ ತೋಟಕ್ಕೂ ನೀರು ಕೊಡಬೇಕಾದರೆ ಈ ಕೂಡಿಸಿದ ಮೊತ್ತವನ್ನೇ ಎದುರಿಗಿಟ್ಟುಕೊಂಡು ತೀರ್ಮಾನಿಸಿ.

ಮನೆಯವರು ಗಲ್ಫಿನಲ್ಲಿದ್ದು ವರ್ಷಗಟ್ಟಲೆ ಬೀಗ ಹಾಕಿದ ಮನೆಯಲ್ಲಿ ವಿಶೇಷ ಎಚ್ಚರ ಬೇಕು. ಯಾರೂ ಎತ್ತದ ಬಾವಿ ತುಂಬಿಕೊಂಡೇ ಇರುತ್ತದೆ. ಅದರ ಊಟೆಯ ಬಲ ಪಂಪು ಹಾಕಿದಾಗ ಮಾತ್ರ ಗೊತ್ತಾಗುವುದು.

ಪೈವಳಿಕೆ, ಬಾಯಾರು, ಎಣ್ಮಕಜೆ ಕಡೆಯ ಗುಡ್ಡದ ಮನೆಗಳಿಗೆ ಸುರಂಗದ, ಅಂದರೆ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಬಿಲದ, ನೀರಿರುತ್ತದೆ. ಪಂಪಿಲ್ಲದೆ, ಕರೆಂಟಿಲ್ಲದೆ ತಾನಾಗಿ ಹರಿದು ಬರುವ ನೀರು ದೊಡ್ಡ ಆಸ್ತಿ. ಅಳೆಯುವುದೂ ಸುಲಭ. 10 ಲೀಟರಿನ ಬಕೆಟು ತುಂಬಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿ. ಐದು ನಿಮಿಷವಾದರೆ ದಿನಕ್ಕೆ 2,880 ಲೀಟರ್. ಏಪ್ರಿಲಿಗೆ ಅದು ಕಾಲು ಭಾಗಕ್ಕೆ ಇಳಿದರೂ 720 ಲೀಟರ್ ಉಳಿಯುತ್ತದೆ, ಒಂದು ಸಂಸಾರಕ್ಕೆ ಸಾಕು. ಸುರಂಗದ ಬಾಯಿ ನಿಮ್ಮ ಜಾಗದಲ್ಲಿದ್ದು ಒಳಮೈ ನೆರೆಯವರ ಗುಡ್ಡದಡಿಗೆ ಹೋಗಿರಬಹುದು, ಅಥವಾ ಇದಕ್ಕೆ ತಿರುಗುಮುರುಗಾಗಿ ಇರಬಹುದು. ಎಷ್ಟು ಕೋಲು ಉದ್ದ, ಯಾವ ದಿಕ್ಕಿಗೆ ತಿರುಗಿದೆ, ಎಷ್ಟು ಮನೆಗೆ ನೀರು ಹೋಗುತ್ತದೆ, ಸರದಿ ಹೇಗೆ ಎಂಬುದನ್ನು ಕೇಳಿ ದಸ್ತಾವೇಜಿನಲ್ಲಿ ಬರೆಸಿ. ಕೋಲೆಂದರೆ ಸುಮಾರು ಎರಡೂವರೆ ಅಡಿ. ಬಾಯಿಮಾತಿನ ನೀರಿನ ಹಕ್ಕು ಮಾರಿದವರು ಊರು ಬಿಟ್ಟ ಮೇಲೆ ಜಗಳವಾಗುತ್ತದೆ. ಗುಡ್ಡದ ಮೇಲ್ಗಡೆ ಹೊಸ ಬೋರು ಕೊರೆದಿದ್ದರೂ ತಿಳಿದುಕೊಳ್ಳಿ, ಸುರಂಗ ಬತ್ತಲು ಅದೊಂದು ಕಾರಣ.

ತೋಡಿನ ಹತ್ತಿರದ ಬಾವಿಗೆ ಇನ್ನೊಂದು ಗುಟ್ಟಿದೆ. ಮಳೆ ನಿಂತ ಮೇಲೆ ಡಿಸೆಂಬರ್, ಜನವರಿಯಲ್ಲಿ ತೋಡಿಗೆ ಕಟ್ಟ (ನೀರು ತಡೆಯುವ ತಾತ್ಕಾಲಿಕ ಒಡ್ಡು) ಕಟ್ಟುವ ಊರುಗಳಲ್ಲಿ ಆಸುಪಾಸಿನ ಬಾವಿಗಳ ನೀರು ಏರುತ್ತದೆ. ಏತಡ್ಕದಂಥ ಕಡೆ ಊರವರು ಸೇರಿ ಇದನ್ನು ನಡೆಸಿಕೊಂಡು ಬಂದಿದ್ದಾರೆ. ನೀವು ನೋಡಿದ ನೀರು ಕಟ್ಟದ ನೀರೇ ಆಗಿದ್ದರೆ ಪ್ರತಿವರ್ಷ ಕಟ್ಟ ಕಟ್ಟುತ್ತಾರೆಯೇ, ಖರ್ಚು ಮತ್ತು ಕೆಲಸದಲ್ಲಿ ಈ ಮನೆಯ ಪಾಲೆಷ್ಟು ಎಂದು ಕೇಳಿ, ಆ ಪಾಲನ್ನು ನೀವೂ ಮುಂದುವರಿಸಬೇಕು. ಕಟ್ಟ ನಿಂತುಹೋದ ಊರಿನಲ್ಲಿ ಬಾವಿಯೂ ಸೋಲುತ್ತದೆ.

ಕಡಲ ಕಡೆಯ ಬಾವಿಗಳಲ್ಲಿ ಉಪ್ಪು ಏರುವುದು ಬೇಸಗೆಯಲ್ಲಿ. ಮಾಗಿಯಲ್ಲಿ ಸಿಹಿಯಾಗಿದ್ದದ್ದು ಏಪ್ರಿಲಿನಲ್ಲಿ ಬಾಯಿಗಿಡಲಾಗದು. ಮಾರುವ ಮನೆಯವರು ಕುಡಿಯಲು ಯಾವ ನೀರು ತರುತ್ತಾರೆಂಬುದನ್ನು ಅವರ ಅಡಿಗೆಮನೆಯಲ್ಲೇ ನೋಡಬಹುದು. ಬಚ್ಚಲಿನ ನೆಲದಲ್ಲಿ ಕಿತ್ತಳೆ ಕಲೆ ಇದ್ದರೆ, ಚಹಾ ಕಪ್ಪಾದರೆ ಕಬ್ಬಿಣದ ಅಂಶವಿದೆ, ಫಿಲ್ಟರಿನಿಂದ ಸರಿಯಾಗುತ್ತದೆ. ಬಾವಿಯಿಂದ ಸೆಪ್ಟಿಕ್ ಗುಂಡಿಗೆ ಏಳೂವರೆ ಮೀಟರ್ ಅಂತರ ಇರಲೇಬೇಕೆಂದು ಕಟ್ಟಡ ನಿಯಮವಿದೆ. ನಿಮ್ಮ ಗುಂಡಿಯನ್ನು ಮಾತ್ರವಲ್ಲ, ಪಾಗಾರದಾಚೆಗಿನ ಗುಂಡಿಯನ್ನೂ ಟೇಪು ಹಿಡಿದು ಅಳೆಯಿರಿ. ಕುಡಿಯುವ ನೀರನ್ನು ಲ್ಯಾಬಿಗೆ ಕೊಟ್ಟು ಕೋಲಿಫಾರ್ಮ್, ಕ್ಲೋರೈಡ್, ಕಬ್ಬಿಣ, ಪಿಎಚ್ ಇಷ್ಟನ್ನು ನೋಡಿಸಿ.

ಜಾಗದ ಕಾಗದ

1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡದೊಳಗೇ ಇತ್ತು. ಅದಕ್ಕೇ ಇಲ್ಲಿನ ಹಳೆ ದಸ್ತಾವೇಜುಗಳು ಕನ್ನಡದಲ್ಲಿವೆ, ವರ್ಗ, ಕುಮ್ಕಿ, ಮೂಲಗೇಣಿ, ಚಾಲಗೇಣಿ ಎಂಬ ಭೂಹಕ್ಕಿನ, ಗೇಣಿಯ ಮಾತುಗಳು ಅವುಗಳಲ್ಲಿ ತುಂಬಿವೆ. ಈಗಿನವು ಹೆಚ್ಚಾಗಿ ಮಲಯಾಳದಲ್ಲಿ. ಎರಡನ್ನೂ ಓದಬಲ್ಲ ಒಬ್ಬ ವಕೀಲರನ್ನು ಹಿಡಿಯಿರಿ. ಹಳೆ ಕನ್ನಡ ಕೈಬರಹ ಓದಲಾಗದೆ "ಸರಿಯಿದೆ" ಎಂದು ಅಭಿಪ್ರಾಯ ಬರೆದುಕೊಟ್ಟದ್ದು ಮುಂದೆ ಯಾವ ಉಪಯೋಗಕ್ಕೂ ಬಾರದು. ಮಲಯಾಳದ ಕರಡನ್ನು ಸಹಿ ಹಾಕುವ ಮೊದಲು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. ಕೇಳಲು ಸಂಕೋಚ ಬೇಡ, ದುಡ್ಡು ನಿಮ್ಮದು.

ಕುಮ್ಕಿಯ ವಿಷಯದಲ್ಲಿ ಮೋಸ ಹೋಗುವವರು ಬಹಳ. ವರ್ಗದ (ಕಂದಾಯ ಕಟ್ಟುವ ಸ್ವಂತ) ಜಾಗಕ್ಕೆ ತಾಗಿ 100 ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು, ಸೌದೆ ತೆಗೆಯುವ ಸವಲತ್ತೇ ಕುಮ್ಕಿ. ಜಾಗ ಸರಕಾರದ್ದು, ಮಾರಲು ಬರುವುದಿಲ್ಲ. "ಪಟ್ಟೆ 50 ಸೆಂಟ್ಸ್, ಕುಮ್ಕಿ 30 ಸೆಂಟ್ಸ್, ಒಟ್ಟು 80" ಎಂದು ಬೆಲೆ ಹೇಳಿದರೆ 50ಕ್ಕೆ ಮಾತ್ರ ದುಡ್ಡು ಲೆಕ್ಕ ಹಾಕಿ. ಮನೆಯ ಮೂಲೆಯೋ ಬಾವಿಯೋ ಕುಮ್ಕಿಯಲ್ಲಿದ್ದರೆ ವ್ಯವಹಾರವನ್ನೇ ಬಿಡುವುದು ಲೇಸು. ಬ್ಯಾಂಕು ಸಾಲ ಕೊಡುವುದಿಲ್ಲ.

ಎರಡನೆಯದು ಬೈಲು. ತೀರ್ವೆ (ಭೂಕಂದಾಯ) ರಶೀದಿಯಲ್ಲಿ ಜಾಗ 'ಪುರಯಿಡಂ' (ಗದ್ದೆಯಲ್ಲದ ಒಣ ಜಾಗ) ಎಂದಿದೆಯೋ 'ನಿಲಂ' ಎಂದಿದೆಯೋ ನೋಡಿ. ನಿಲಂ ಅಂದರೆ ಗದ್ದೆ, ಹಳೆ ಕಾಗದದ ನಂಜ. ಈಗ ಅಲ್ಲಿ ತೆಂಗು ಬೆಳೆದು ಮನೆ ಎದ್ದಿದ್ದರೂ ದಾಖಲೆಯಲ್ಲಿ ಅದು ಗದ್ದೆಯೇ. ಭತ್ತದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣೆಯ 2008ರ ಕಾಯಿದೆಯಂತೆ ಸಿದ್ಧವಾದ ಡೇಟಾ ಬ್ಯಾಂಕಿನಲ್ಲಿ (ಗದ್ದೆಗಳ ಪಟ್ಟಿಯಲ್ಲಿ) ಆ ಸರ್ವೆ ನಂಬ್ರ ಇದೆಯೇ ಎಂದು ಕೃಷಿಭವನದಲ್ಲಿ ವಿಚಾರಿಸಿ. ತಪ್ಪಾಗಿ ಸೇರಿದ್ದರೆ ತೆಗೆಸಲು ಫಾರ್ಮ್ 5, ಪಟ್ಟಿಯಲ್ಲಿಲ್ಲದ ನಿಲವನ್ನು ಬದಲಿಸಲು 50 ಸೆಂಟ್ಸ್‌ವರೆಗೆ ಫಾರ್ಮ್ 6, ಅದಕ್ಕಿಂತ ಹೆಚ್ಚಾದರೆ ಫಾರ್ಮ್ 7. ತಿಂಗಳುಗಟ್ಟಲೆ ಹಿಡಿಯುವ ಕೆಲಸ ಇದು, ಮಾರುವವರೇ ಮಾಡಿಸಿಕೊಡಲಿ.

ಅಳತೆ ಕಾಗದದಲ್ಲಿ ಆರ್ ಲೆಕ್ಕದಲ್ಲಿರುತ್ತದೆ, ಮಾತು ಸೆಂಟ್ಸಿನಲ್ಲಿ ನಡೆಯುತ್ತದೆ. 1 ಆರ್ ಎಂದರೆ 2.47 ಸೆಂಟ್ಸ್, 10 ಸೆಂಟ್ಸ್ ಎಂದರೆ 4.05 ಆರ್. ಸರ್ವೆಯರರನ್ನು ಕರೆಸಿ ಗಡಿಕಲ್ಲು ಸಹಿತ ಅಳೆಸುವುದಕ್ಕೂ ಚಳಿಗಾಲ ಒಳ್ಳೆಯದು, ಕಾಡುಪೊದೆ ಕಡಿಮೆಯಾಗಿ ಕಲ್ಲುಗಳು ಸಿಗುತ್ತವೆ. ರೀಸರ್ವೆ ನಡೆದ ಗ್ರಾಮದಲ್ಲಿ ಹಳೆ ನಂಬ್ರ, ಹೊಸ ನಂಬ್ರ ಎರಡನ್ನೂ ದಸ್ತಾವೇಜಿನಲ್ಲಿ ಬರೆಸಿ.

ಕೇಳಬೇಕಾದ ಕಾಗದಗಳೆಂದರೆ ಈಗಿನ ದಸ್ತಾವೇಜು ಮತ್ತು ಅದರ ಹಿಂದಿನ ಮುನ್ನಾಧಾರಗಳು, ಗೇಣಿ ಜಾಗವಾಗಿದ್ದರೆ ಲ್ಯಾಂಡ್ ಟ್ರಿಬ್ಯೂನಲಿನ ಕ್ರಯ ಸರ್ಟಿಫಿಕೇಟು, ಈ ವರ್ಷದ ತೀರ್ವೆ ರಶೀದಿ, ವಿಲೇಜ್ ಆಫೀಸಿನ ಪೊಸೆಷನ್ ಸರ್ಟಿಫಿಕೇಟು ಮತ್ತು ಲೊಕೇಶನ್ ಸ್ಕೆಚ್, 30 ವರ್ಷದ ಬಾಧ್ಯತಾ ಸರ್ಟಿಫಿಕೇಟು (ಜಾಗದ ಮೇಲಿನ ಸಾಲ, ವ್ಯವಹಾರ ತೋರಿಸುವ ಇಸಿ), ಪಂಚಾಯತಿನ ಕಟ್ಟಡ ನಂಬ್ರ ಮತ್ತು ತೆರಿಗೆ ರಶೀದಿ. ಕಟ್ಟಡ ನಂಬ್ರದ ಜೊತೆ 'ಯುಎ' ಎಂದಿದ್ದರೆ ಅದು ಅನಧಿಕೃತವೆಂದು ಗುರುತಿಸಿದ ಕಟ್ಟಡ. ಮನೆ 100 ಚದರ ಮೀಟರಿಗಿಂತ ದೊಡ್ಡದಾದರೆ ತಾಲೂಕು ಕಚೇರಿಗೆ ಒಂದೇ ಸಲ ಕಟ್ಟುವ ಕಟ್ಟಡ ತೆರಿಗೆಯ ರಶೀದಿಯನ್ನೂ ಕೇಳಿ. 278.7 ಚದರ ಮೀಟರ್ ಅಥವಾ ಮೇಲಿದ್ದರೆ ವರ್ಷ ವರ್ಷ ಕಟ್ಟುವ ಇನ್ನೊಂದು ತೆರಿಗೆಯೂ ಇದೆ. ಸಹಕಾರಿ ಬ್ಯಾಂಕಿನ ಸಾಲ ಬಾಧ್ಯತಾ ಸರ್ಟಿಫಿಕೇಟಿನಲ್ಲಿ 'ಗಹಾನ್' ಎಂದು ಕಾಣುತ್ತದೆ, ಅದು ಬಿಡುಗಡೆಯಾದದ್ದೂ ಅದರಲ್ಲೇ ಕಾಣಬೇಕು. ಮೂಲ ದಸ್ತಾವೇಜನ್ನು ಬ್ಯಾಂಕಿನಲ್ಲಿಟ್ಟು ತೆಗೆದ ಸಾಲ ಮಾತ್ರ ಎಲ್ಲ ಸಲ ಇದರಲ್ಲಿ ಕಾಣುವುದಿಲ್ಲ. ಆದ್ದರಿಂದ ಮೂಲಪ್ರತಿಯನ್ನು ಕಣ್ಣಾರೆ ನೋಡದೆ, ಬರಿ ಜೆರಾಕ್ಸ್ ನೋಡಿ ಮುಂಗಡ ಕೊಡಬಾರದು.

ಅಳಿಯಕಟ್ಟಿನ (ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ) ಕುಟುಂಬದ ಮನೆಯಾದರೆ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕು. ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿ 1976ರ ಡಿಸೆಂಬರ್ 1ರಂದು ರದ್ದಾಯಿತು, ಆ ದಿನ ಕುಟುಂಬದಲ್ಲಿದ್ದ ಸದಸ್ಯರಿಗೆ ಪಾಲು ಹುಟ್ಟಿತು. ಪಾಲುಪಟ್ಟಿ ರಿಜಿಸ್ಟ್ರಿ ಆಗಿಲ್ಲದಿದ್ದರೆ ಮುಂಬೈಯಲ್ಲಿರುವ ಅಕ್ಕನೂ, ಅವರು ಇಲ್ಲವಾಗಿದ್ದರೆ ಅವರ ಮಕ್ಕಳೂ ಸಹಿ ಹಾಕಬೇಕು. ಜಾಗದಲ್ಲಿ ನಾಗಬನವೋ ದೈವದ ಗುಡಿಯೋ ಇದ್ದರೆ ವರ್ಷದ ತಂಬಿಲದ ಪೂಜೆಗೆ ಕುಟುಂಬದವರು ಬರುವ ದಾರಿ, ಬಿಟ್ಟುಕೊಡುವ ಸೆಂಟ್ಸ್, ನಡೆಸುವ ಹೊಣೆ ಯಾರದು ಎಂಬುದನ್ನು ಬರೆದಿಡಿ. ಇದನ್ನು ಗೌರವದಿಂದ, ಮೊದಲೇ ಮಾತಾಡಿಕೊಂಡರೆ ಎರಡೂ ಕಡೆಯವರಿಗೆ ನೆಮ್ಮದಿ.

ಗಲ್ಫಿನಲ್ಲಿರುವ ಧಣಿ ಪವರ್ ಆಫ್ ಅಟಾರ್ನಿ ಕಳಿಸಿದ್ದರೆ ಅದು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ್ದಾಗಿರಲಿ, ಊರಿಗೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕವಾಗಿರಲಿ. ರಿಜಿಸ್ಟ್ರಿಯ ದಿನ ಅವರೊಂದಿಗೆ ವೀಡಿಯೋ ಕಾಲಿನಲ್ಲಿ ಮಾತಾಡಿ. ಅಧಿಕಾರ ಕೊಟ್ಟವರು ತೀರಿಕೊಂಡಿದ್ದರೆ ಆ ಕಾಗದಕ್ಕೆ ಜೀವವಿಲ್ಲ.

ಕರಾರು, ಖರ್ಚು

ಕರಾರಿನಲ್ಲಿ ಬೆಲೆ, ಮುಂಗಡ, ಅವಧಿ ಎಲ್ಲರೂ ಬರೆಸುತ್ತಾರೆ. ಚಳಿಗಾಲದ ಕರಾರಿಗೆ ಮತ್ತೊಂದು ಸಾಲು ಬೇಕು, ಮರದಲ್ಲಿರುವ ಫಸಲು ಯಾರದೆಂದು. ಅಡಿಕೆ ಕೊಯ್ಲು ನಡೆಯುತ್ತಿರುತ್ತದೆ, ಮುಂದೆ ಕಾಳುಮೆಣಸು, ಗೇರುಬೀಜ ಬರಲಿಕ್ಕಿದೆ. ಇಂಥ ತಾರೀಕಿನವರೆಗಿನ ಕೊಯ್ಲು ಮಾರುವವರದು, ಆಮೇಲಿನದು ಕೊಳ್ಳುವವರದು ಎಂದು ಬರೆಸಿ, ಅಲ್ಲಿವರೆಗೆ ತೋಟಕ್ಕೆ ನೀರು ಬಿಡುವ ಹೊಣೆಯನ್ನೂ ಸೇರಿಸಿ. ಸೋರುವಿಕೆಯ ಸಂಶಯವಿದ್ದರೆ ಮಳೆ ನೋಡಿ ಕೊಡುತ್ತೇವೆಂದು ಒಂದಿಷ್ಟು ಹಣ ಹಿಡಿದಿಡುವ ಮಾತಾಡುವವರಿದ್ದಾರೆ. ರಿಜಿಸ್ಟ್ರಿಯಾದ ಮೇಲೆ ಅದು ಮನಸ್ತಾಪಕ್ಕೆ ದಾರಿ. ರಿಪೇರಿಯ ಮೊತ್ತವನ್ನು ಬೆಲೆಯಲ್ಲೇ ಇಳಿಸಿಕೊಳ್ಳುವುದು ಮೇಲು.

ಕೇರಳದಲ್ಲಿ ಮುದ್ರಾಂಕ ಶುಲ್ಕ ಶೇಕಡಾ 8, ನೋಂದಣಿ ಫೀಸು ಶೇಕಡಾ 2. ಜಾಗಕ್ಕೆ ನ್ಯಾಯಬೆಲೆ ಮತ್ತು ನೀವು ಕೊಡುವ ಬೆಲೆಯಲ್ಲಿ ಯಾವುದು ಹೆಚ್ಚೋ ಅದರ ಮೇಲೆ. 40 ಲಕ್ಷದ ದಸ್ತಾವೇಜಿಗೆ 3.2 ಲಕ್ಷ ಮತ್ತು 80 ಸಾವಿರ, ಒಟ್ಟು 4 ಲಕ್ಷ ರೂಪಾಯಿ ಕೈಯಲ್ಲಿರಬೇಕು. ಗೃಹಸಾಲದಲ್ಲಿ ಸಾಮಾನ್ಯವಾಗಿ ಈ ಹಣ ಸೇರುವುದಿಲ್ಲ. ಕ್ರಯ 50 ಲಕ್ಷ ಅಥವಾ ಹೆಚ್ಚಾದರೆ ಶೇಕಡಾ 1ನ್ನು ಹಿಡಿದು ಆದಾಯ ತೆರಿಗೆಗೆ ಕಟ್ಟುವ ಹೊಣೆ ಕೊಳ್ಳುವವರದ್ದು. ಮಾರುವವರು ಅನಿವಾಸಿಯಾದರೆ ಈ ಲೆಕ್ಕ ನಡೆಯದು, ಹಿಡಿಯಬೇಕಾದ ದರ ಬಹಳ ಹೆಚ್ಚು, ಆಡಿಟರರನ್ನು ಕಾಣಿ. 20,000 ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಡಬೇಡಿ, ಎಲ್ಲವೂ ಬ್ಯಾಂಕಿನ ಮೂಲಕವೇ ಹೋಗಲಿ.

ರಿಜಿಸ್ಟ್ರಿಯಿಂದ ಮಳೆಯವರೆಗೆ

ದಸ್ತಾವೇಜು ಕೈಗೆ ಬಂದ ಮೇಲೆ ಪೋಕ್ಕುವರವು (ಖಾತೆ ಬದಲಾವಣೆ) ಆಗಿ ನಿಮ್ಮ ಹೆಸರಿಗೆ ತಂಡಪೇರ್ (ಭೂಖಾತೆ) ನಂಬ್ರ ಬಂದಿದೆಯೇ ನೋಡಿ, ನಿಮ್ಮ ಹೆಸರಿನಲ್ಲಿ ತೀರ್ವೆ ಕಟ್ಟಿ ರಶೀದಿ ತೆಗೆಯಿರಿ. ಪಂಚಾಯತಿನಲ್ಲಿ ಕಟ್ಟಡದ ಹೆಸರು ಬದಲಾವಣೆ, ಕೆಎಸ್‌ಇಬಿಯಲ್ಲಿ ಕರೆಂಟು ಕನೆಕ್ಷನ್ ಬದಲಾವಣೆ ಬೇರೆ ಬೇರೆ ಅರ್ಜಿಗಳು, ಒಂದಾದರೆ ಇನ್ನೊಂದು ತಾನಾಗಿ ಆಗುವುದಿಲ್ಲ.

ಮಾಡಿನ ಕೆಲಸ, ಪಡು ಗೋಡೆಯ ಗಾರೆ, ಬರೆಯ ಬುಡದ ಕಣಿ (ನೀರು ಹೋಗುವ ಚರಂಡಿ) ಇವಿಷ್ಟು ಪತ್ತನಾಜೆಯೊಳಗೆ ಮುಗಿಯಬೇಕು, ಅಂದರೆ ಮೇ 24ರ ಸುಮಾರಿಗೆ. ಗಾರೆ ಹಾಕಿದ ಮೇಲೆ ಕನಿಷ್ಠ ಒಂದು ವಾರ ನೀರು ಹಾಯಿಸಬೇಕಾದ್ದರಿಂದ ಬಾವಿಯಲ್ಲಿ ನೀರಿರುವ ಮಾರ್ಚಿನಲ್ಲೇ ಆ ಕೆಲಸ ಹಿಡಿಯಿರಿ, ಮಾಡಿನ ಕೆಲಸ ಏಪ್ರಿಲಿಗೆ ಇರಲಿ. ಮೇ ತಿಂಗಳ ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಅದೇ ಗಂಟಿನ ಹಗ್ಗವನ್ನು ಮತ್ತೆ ಬಾವಿಗಿಳಿಸಿ ಅಳೆಯಿರಿ. ಡಿಸೆಂಬರಿನ ಅಳತೆಯ ಪಕ್ಕದಲ್ಲೇ ಅದನ್ನೂ ತಾರೀಕಿನೊಂದಿಗೆ ಪಂಪ್ ಶೆಡ್ಡಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿಡಿ.